ಎದೆಯೊಳಗಿನ ಮಿಂಚು

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಇಂಥ ನೋಟವೊಂದನ್ನು ಕಂಡಿರಬಹುದು. ಭಂಡಾರದ ಹಳದಿ, 'ಉಧೋ ಉಧೋ' ಎಂಬ ಕೂಗು, ಚೌಡಿಕೆಯ ನಾದ, ಇವುಗಳ ನಡುವೆ ಏರುದಾರಿಯಲ್ಲಿ ಒಬ್ಬ ವೃದ್ಧರು ತಟ್ಟನೆ ನಿಂತುಬಿಡುತ್ತಾರೆ. ಎದೆಯ ಮೇಲೆ ಅಂಗೈಯಿಟ್ಟುಕೊಂಡು ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತು, "ಯಾಕೋ ಎದ್ಯಾಗ ವಾಯು ಹಿಡದಂಗ ಆಗೇತಿ, ಒಂದು ಸೋಡಾ ತಾರಪಾ" ಎನ್ನುತ್ತಾರೆ. ಮೊಮ್ಮಗ ಅಂಗಡಿಯತ್ತ ಓಡುತ್ತಾನೆ. ಎಷ್ಟೋ ಸಲ ಅದು ನಿಜವಾಗಿಯೂ ವಾಯುವೇ ಆಗಿರುತ್ತದೆ. ಅರ್ಧ ಗಳಿಗೆಯಲ್ಲಿ ಅಜ್ಜ ಎದ್ದು ಮತ್ತೆ ಗುಡ್ಡವೇರುತ್ತಾರೆ. ಆದರೆ ಕೆಲವು ಸಲ ಅದು ವಾಯುವಲ್ಲ; ಗುಂಡಿಗೆಯ ಸ್ನಾಯುವಿಗೆ ರಕ್ತವು ನಿಂತುಹೋಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಇವೆರಡರ ಭೇದವು ಕಾಣದು. ಬೆವರು ಎರಡರಲ್ಲಿಯೂ ಬರಬಹುದು, ಸಂಕಟ ಎರಡರಲ್ಲಿಯೂ ಉಂಟು.

ಈ ಭೇದವನ್ನು ಹೇಳಬಲ್ಲ ಸಾಧನವೊಂದಿದೆ. ಅದು ಎದೆಯನ್ನು ಕೊಯ್ಯುವುದಿಲ್ಲ, ಚುಚ್ಚುವುದೂ ಇಲ್ಲ. ಗುಂಡಿಗೆಯು ಪ್ರತಿಯೊಂದು ಬಡಿತದಲ್ಲಿಯೂ ತಾನೇ ಹುಟ್ಟಿಸುವ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಚರ್ಮದ ಮೇಲಿನಿಂದಲೇ ಅರಿತು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಇದಕ್ಕೆ ಅಣ್ಣತಮ್ಮಂದಿರಂತಿರುವ ಬೇರೆ ಸಾಧನಗಳೂ ಉಂಟು. ಅವು ದಣಿದ ಸ್ನಾಯುವಿಗೆ ಹೊರಗಿನಿಂದ ವಿದ್ಯುತ್ತಿನ ಸುಳಿವನ್ನು ಕೊಟ್ಟು, "ಈಗ ನಿನ್ನ ಸರದಿ" ಎಂದು ನೆನಪಿಸುತ್ತವೆ. ದೇಹದ ಒಳಗಿನ ಸ್ನಾಯುಗಳನ್ನು ಹೀಗೆ ಆಲಿಸುವ ಮತ್ತು ಎಚ್ಚರಿಸುವ ಯಂತ್ರಗಳ ಕಥೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ.

ಸ್ನಾಯುವಿಗೆ ವಿದ್ಯುತ್ತಿನ ನಂಟು

ಕ್ರಿ.ಶ. ೧೭೮೦ರ ಸುಮಾರಿನಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಲುಯಿಜಿ ಗಾಲ್ವಾನಿ ಎಂಬ ಅಂಗರಚನಾಶಾಸ್ತ್ರಜ್ಞನು ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ತು ತಾಗಿದಾಗ ಅದು ಝಾಡಿಸಿದುದನ್ನು ಕಂಡನು. ೧೭೯೧ರಲ್ಲಿ ಆತನು ತನ್ನ ಪ್ರಯೋಗಗಳನ್ನು ಪ್ರಕಟಿಸಿ, ಪ್ರಾಣಿಗಳ ದೇಹದಲ್ಲಿಯೇ ವಿದ್ಯುತ್ತು ಇದೆಯೆಂದು ಸಾರಿದನು. ಅವನ ದೇಶದವನೇ ಆದ ವೋಲ್ಟಾ ಇದನ್ನು ಒಪ್ಪಲಿಲ್ಲ. ಅವರಿಬ್ಬರ ವಾದವು ವೋಲ್ಟಾನಿಗೆ ಬ್ಯಾಟರಿಯನ್ನು ದೊರಕಿಸಿಕೊಟ್ಟಿತು. ಗಾಲ್ವಾನಿಯ ಮಾತೂ ಕಾಲಾನಂತರದಲ್ಲಿ ನಿಜವಾಯಿತು.

ನಮ್ಮ ಸ್ನಾಯುವಿನ ಪ್ರತಿಯೊಂದು ಜೀವಕೋಶವೂ ಒಂದು ಪುಟ್ಟ ಬ್ಯಾಟರಿಯೆಂದರೆ ತಪ್ಪಾಗದು. ಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಈ ಏರುಪೇರಿನ ಫಲವಾಗಿ ಗುಂಡಿಗೆಯ ಕೆಲಸಗಾರ ಕೋಶವು ವಿಶ್ರಾಂತಿಯಲ್ಲಿರುವಾಗ ಅದರ ಒಳಭಾಗವು ಹೊರಭಾಗಕ್ಕಿಂತ ಸುಮಾರು ೯೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ತಕ್ಕ ಪ್ರಚೋದನೆ ಬಂದೊಡನೆ ಕೋಶದ ಪೊರೆಯಲ್ಲಿನ ಕಿಂಡಿಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆಯೇ ಕ್ಯಾಲ್ಸಿಯಂ ಬರುತ್ತದೆ, ಕೋಶವು ಸಂಕುಚಿಸುತ್ತದೆ. ಒಂದು ಕೋಶದ ಈ ಉದ್ರೇಕವು ನೆರೆಯ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ, ಒಣಹುಲ್ಲಿನ ಬಣವಿಗೆ ಹತ್ತಿದ ಕಿಡಿಯಂತೆ ಹಬ್ಬುತ್ತದೆ. ಆದರೆ ಹುಲ್ಲು ಒಮ್ಮೆ ಉರಿದು ಬೂದಿಯಾಗುತ್ತದೆ. ಸ್ನಾಯುವಾದರೋ ಕ್ಷಣಾರ್ಧದಲ್ಲಿ ತನ್ನನ್ನು ತಾನು ಮತ್ತೆ ಸಿದ್ಧಗೊಳಿಸಿಕೊಳ್ಳುತ್ತದೆ.

ಕೈಕಾಲುಗಳ ಸ್ನಾಯುಗಳು ಮಿದುಳಿನ ಅಪ್ಪಣೆಗಾಗಿ ಕಾಯುತ್ತವೆ. ಗುಂಡಿಗೆಯು ಕಾಯುವುದಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಅದು ನಿಮಿಷಕ್ಕೆ ಹಲವು ಹತ್ತು ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಹಾಗಾದರೆ ಅದಕ್ಕೆ ಅಪ್ಪಣೆ ಕೊಡುವವರು ಯಾರು?

ಗುಂಡಿಗೆಯ ಮೇಳ

ಭಜನೆಯ ಮೇಳವನ್ನು ನೆನೆಯಿರಿ. ಮುಂದೆ ಹಾಡುವವನೊಬ್ಬ, ಹಿಂದೆ ದನಿಗೂಡಿಸುವವರು ಹಲವರು. ಮುಂದಿನವನು ಎತ್ತಿಕೊಟ್ಟ ಲಯದಲ್ಲಿಯೇ ಎಲ್ಲರೂ ನಡೆಯಬೇಕು. ಗುಂಡಿಗೆಯ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಇಂಥ ಮುಂದಾಳು ಕೋಶಗಳ ಗುಂಪೊಂದಿದೆ. ೧೯೦೭ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬವರು ಇದನ್ನು ಕಂಡುಹಿಡಿದರು. ಇದನ್ನು ನಾವು ಲಯಗಂಟು ಎಂದು ಕರೆಯೋಣ. ಲಯಗಂಟು ನಿಮಿಷಕ್ಕೆ ೬೦ರಿಂದ ೧೦೦ ಸಲ ತಾನಾಗಿಯೇ ಮಿಂಚುತ್ತದೆ. ಆ ಮಿಂಚು ಎರಡೂ ಹೃತ್ಕರ್ಣಗಳನ್ನು ಸಂಕುಚಿಸುವಂತೆ ಮಾಡಿ, ನಡುವಿನ ಇನ್ನೊಂದು ಗಂಟಿಗೆ ಬರುತ್ತದೆ. ಈ ನಡುಗಂಟನ್ನು ೧೯೦೬ರಲ್ಲಿ ಜಪಾನಿನ ಸುನಾವೋ ತವಾರಾ ವಿವರಿಸಿದನು.

ನಡುಗಂಟಿನಲ್ಲಿ ಮಿಂಚು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆಯುತ್ತದೆ. ಈ ತಡೆಯು ಪ್ರಕೃತಿಯ ಜಾಣ್ಮೆ. ಮೇಲಿನ ಕೋಣೆಗಳು ತಮ್ಮ ರಕ್ತವನ್ನು ಕೆಳಗಿನ ಹೃತ್ಕುಕ್ಷಿಗಳಿಗೆ ಪೂರ್ತಿಯಾಗಿ ಸುರಿಯುವುದಕ್ಕೆ ಇದರಿಂದ ಸಮಯ ದೊರೆಯುತ್ತದೆ. ಆಮೇಲೆ ಮಿಂಚು ವಿಶೇಷವಾದ ತಂತುಗಳ ಮೂಲಕ ವೇಗವಾಗಿ ಕೆಳಗಿಳಿದು ಹೃತ್ಕುಕ್ಷಿಗಳನ್ನು ಏಕಕಾಲದಲ್ಲಿ ಬಿಗಿಯುತ್ತದೆ. ಅದೇ ನಮ್ಮ ಕೈಮಣಿಕಟ್ಟಿಗೆ ತಾಗುವ ನಾಡಿ.

ಮೇಳದಲ್ಲಿ ಮುಂದಿನವನ ಕೊರಳು ಕಟ್ಟಿದರೆ ಹಿಂದಿನವನೊಬ್ಬ ಹಾಡನ್ನು ಎತ್ತಿಕೊಳ್ಳುತ್ತಾನೆ. ಗುಂಡಿಗೆಯಲ್ಲಿಯೂ ಹಾಗೆಯೇ. ಲಯಗಂಟು ಸುಮ್ಮನಾದರೆ ನಡುಗಂಟು ನಿಮಿಷಕ್ಕೆ ೪೦ರಿಂದ ೬೦ರ ಗತಿಯಲ್ಲಿ ನಡೆಸುತ್ತದೆ. ಅದೂ ಕೈಬಿಟ್ಟರೆ ಹೃತ್ಕುಕ್ಷಿಗಳೇ ೨೦ರಿಂದ ೪೦ರ ಗತಿಯಲ್ಲಿ ಕುಂಟುತ್ತ ಸಾಗುತ್ತವೆ. ಜೀವ ಉಳಿಯಬಹುದು, ಆದರೆ ಮಿದುಳಿಗೆ ರಕ್ತ ಸಾಲದೆ ಮನುಷ್ಯನು ನಿಂತಲ್ಲಿಯೇ ಬೀಳುತ್ತಾನೆ.

ಆದುದರಿಂದ ಗುಂಡಿಗೆಗೆ ಬರುವ ಕೇಡುಗಳಲ್ಲಿ ಮೂರನ್ನು ನಾವು ಬೇರೆಬೇರೆಯಾಗಿ ತಿಳಿಯಬೇಕು. ಮಿಂಚು ಹುಟ್ಟದಿರುವುದು ಇಲ್ಲವೆ ಹಾದಿಯಲ್ಲಿ ಕಡಿದುಹೋಗುವುದು ಒಂದು. ಮಿಂಚು ಅಂಕೆ ಮೀರಿ ದಿಕ್ಕುಗೆಡುವುದು ಇನ್ನೊಂದು. ಸ್ನಾಯುವಿಗೆ ಅನ್ನವಾದ ರಕ್ತವೇ ಬಾರದಿರುವುದು ಮೂರನೆಯದು. ಮೂರಕ್ಕೂ ಮದ್ದು ಬೇರೆ. ಮೂರನ್ನೂ ಗುರುತಿಸುವ ಕಣ್ಣು ಮಾತ್ರ ಬಹುಮಟ್ಟಿಗೆ ಒಂದೇ.

ಮಿಂಚಿನ ಬರೆಹ

ಆ ಕಣ್ಣೇ ಇ.ಸಿ.ಜಿ. ಯಂತ್ರ. ಮನುಷ್ಯನ ಗುಂಡಿಗೆಯ ವಿದ್ಯುತ್ತನ್ನು ಚರ್ಮದ ಮೇಲಿನಿಂದ ಮೊದಲು ದಾಖಲಿಸಿದವನು ಲಂಡನ್ನಿನ ಆಗಸ್ಟಸ್ ವಾಲರ್, ೧೮೮೭ರಲ್ಲಿ. ಆದರೆ ಅವನ ಉಪಕರಣದಲ್ಲಿ ಗೆರೆಗಳು ಮಸುಕಾಗಿದ್ದುವು. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್ ಈ ಕೊರತೆಯನ್ನು ನೀಗಿಸಿದನು. ಬಲವಾದ ಕಾಂತದ ಧ್ರುವಗಳ ನಡುವೆ ಬೆಳ್ಳಿ ಬಳಿದ ಅತಿ ತೆಳುವಾದ ಸ್ಫಟಿಕಶಿಲೆಯ ಎಳೆಯೊಂದನ್ನು ಕಟ್ಟಿ, ಅದರಲ್ಲಿ ಗುಂಡಿಗೆಯ ವಿದ್ಯುತ್ತನ್ನು ಹರಿಸಿ, ಎಳೆಯ ನಡುಕವನ್ನು ಬೆಳಕಿನ ನೆರವಿನಿಂದ ಚಲಿಸುವ ಫೋಟೋ ಫಲಕದ ಮೇಲೆ ಮೂಡಿಸಿದನು. ಆ ಯಂತ್ರದ ತೂಕ ಸುಮಾರು ೨೭೦ ಕಿಲೋಗ್ರಾಂ. ಅದನ್ನು ನಡೆಸಲು ಐದು ಮಂದಿ ಬೇಕಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ೧೯೨೪ರಲ್ಲಿ ಐಂಥೋವನ್ನನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲೊಂದು ಸ್ವಾರಸ್ಯವನ್ನು ನಮ್ಮ ಓದುಗರು ಗಮನಿಸಬೇಕು. ಅಷ್ಟು ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಶಾಲೆಗೆ ತರುವುದೂ ಕಷ್ಟ. ಐಂಥೋವನ್ ೧೯೦೫ರಲ್ಲಿ ಆಸ್ಪತ್ರೆಯಿಂದ ತನ್ನ ಪ್ರಯೋಗಶಾಲೆಗೆ ಸುಮಾರು ಒಂದೂವರೆ ಕಿಲೋಮೀಟರು ದೂರ ಟೆಲಿಫೋನ್ ತಂತಿಯನ್ನು ಜೋಡಿಸಿ, ರೋಗಿಯನ್ನು ಅಲ್ಲಿಯೇ ಬಿಟ್ಟು ಅವನ ಗುಂಡಿಗೆಯ ಮಿಂಚನ್ನು ಮಾತ್ರ ತರಿಸಿಕೊಂಡನು. ಎಂದರೆ ಈ ಸಾಧನವು ಹುಟ್ಟಿದ ಕೆಲವೇ ವರ್ಷಗಳಲ್ಲಿ ದೂರದ ಪ್ರಶ್ನೆಯೂ ಹುಟ್ಟಿತು, ಉತ್ತರವೂ ಹೊಳೆಯಿತು. ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಇಂದಿನ ಇ.ಸಿ.ಜಿ. ಯಂತ್ರವನ್ನು ಒಂದು ಕೈಯಲ್ಲಿ ಹಿಡಿದು ಹೋಗಬಹುದು. ಎದೆಗೆ ಆರು, ಕೈಕಾಲುಗಳಿಗೆ ನಾಲ್ಕು, ಹೀಗೆ ಹತ್ತು ತಂತಿಗಳನ್ನು ಅಂಟಿಸಿ ಹನ್ನೆರಡು ಕೋನಗಳಿಂದ ಗುಂಡಿಗೆಯನ್ನು ನೋಡುತ್ತಾರೆ. ಚರ್ಮದ ಮೇಲೆ ದೊರೆಯುವ ವಿದ್ಯುತ್ತು ಒಂದು ಮಿಲಿವೋಲ್ಟಿನ ಆಸುಪಾಸಿನದು. ಅದನ್ನು ಹಿಗ್ಗಿಸಿ ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಕಾಗದವು ಸೆಕೆಂಡಿಗೆ ೨೫ ಮಿಲಿಮೀಟರಿನಂತೆ ಸರಿಯುತ್ತದೆ. ಆದುದರಿಂದ ಒಂದು ಚಿಕ್ಕ ಚೌಕವೆಂದರೆ ೦.೦೪ ಸೆಕೆಂಡು, ಒಂದು ದೊಡ್ಡ ಚೌಕವೆಂದರೆ ೦.೨ ಸೆಕೆಂಡು. ಐಂಥೋವನ್ ಇಟ್ಟ ಹೆಸರುಗಳೇ ಇಂದಿಗೂ ನಡೆದುಬಂದಿವೆ. ಮೊದಲ ಸಣ್ಣ ಉಬ್ಬು 'ಪಿ', ಅದು ಹೃತ್ಕರ್ಣಗಳದು. ಬಳಿಕ ಎತ್ತರದ ಶಿಖರ 'ಕ್ಯೂ-ಆರ್-ಎಸ್', ಅದು ಹೃತ್ಕುಕ್ಷಿಗಳದು. ಕೊನೆಯ ಉಬ್ಬು 'ಟಿ', ಅದು ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕೆ ಅಣಿಯಾಗುವುದರ ಗುರುತು. ವಿದ್ಯಾರ್ಥಿಗಳು ಸುಲಭವಾದ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಎರಡು ಶಿಖರಗಳ ನಡುವೆ ಇರುವ ದೊಡ್ಡ ಚೌಕಗಳ ಸಂಖ್ಯೆಯಿಂದ ೩೦೦ನ್ನು ಭಾಗಿಸಿದರೆ ನಿಮಿಷದ ಬಡಿತಗಳು ಸಿಗುತ್ತವೆ. ನಾಲ್ಕು ಚೌಕಗಳಿದ್ದರೆ ೭೫. ಹತ್ತು ಚೌಕಗಳಿದ್ದರೆ ೩೦, ಅದು ಅಪಾಯದ ಗತಿ.

ಗುಂಡಿಗೆಯ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಯು ಪೂರ್ತಿಯಾಗಿ ಮುಚ್ಚಿಕೊಂಡಾಗ, ಶಿಖರಕ್ಕೂ ಕೊನೆಯ ಉಬ್ಬಿಗೂ ನಡುವಣ ಸಮತಟ್ಟಾದ ಗೆರೆಯು ಬಹುಮಟ್ಟಿಗೆ ಮೇಲೆದ್ದು ನಿಲ್ಲುತ್ತದೆ. ಗುಡ್ಡದ ಮೇಲಿನ ಅಜ್ಜನ ಎದೆನೋವು ವಾಯುವೋ ಅಲ್ಲವೋ ಎಂಬುದಕ್ಕೆ ಈ ಮೇಲೆದ್ದ ಗೆರೆಯೇ ಮೊದಲನೆಯ ಸಾಕ್ಷಿ. ಆದರೆ ಮೊದಲ ಸಲ ತೆಗೆದ ಪಟ್ಟಿಯು ಸರಿಯಾಗಿ ಕಂಡರೂ ಕೇಡು ಇಲ್ಲವೆಂದು ತಿಳಿಯಲಾಗದು. ನೋವು ಮುಂದುವರಿದರೆ ಡಾಕ್ಟರರು ಮತ್ತೆ ಮತ್ತೆ ತೆಗೆದು ನೋಡುತ್ತಾರೆ.

ನೆನಪಿಸುವ ಯಂತ್ರ

ಮೊದಲನೆಯ ಕೇಡಿಗೆ, ಎಂದರೆ ಮಿಂಚು ಹುಟ್ಟದಿರುವುದಕ್ಕೆ ಇಲ್ಲವೆ ಹಾದಿಯಲ್ಲಿ ಕಡಿಯುವುದಕ್ಕೆ, ಪೇಸ್‌ಮೇಕರ್ ಮದ್ದು. ೧೯೫೨ರಲ್ಲಿ ಅಮೆರಿಕದ ಪಾಲ್ ಜೋಲ್ ಎಂಬ ವೈದ್ಯನು ಎದೆಯ ಚರ್ಮದ ಮೇಲಿನಿಂದಲೇ ವಿದ್ಯುತ್ತು ಕೊಟ್ಟು ನಿಲ್ಲುತ್ತಿದ್ದ ಗುಂಡಿಗೆಯನ್ನು ನಡೆಸಿ ತೋರಿಸಿದನು. ಜೀವ ಉಳಿಯಿತು, ಆದರೆ ಆ ಪೆಟ್ಟುಗಳ ನೋವು ಬಹಳ. ಮುಂದೆ ಗುಂಡಿಗೆಗೇ ತಂತಿ ಜೋಡಿಸಿ ಅತ್ಯಲ್ಪ ವಿದ್ಯುತ್ತಿನಿಂದ ನಡೆಸುವ ಉಪಾಯ ಬಂದಿತು. ಆಗಿನ ಯಂತ್ರಗಳು ದೊಡ್ಡ ಪೆಟ್ಟಿಗೆಗಳು. ಗೋಡೆಯ ವಿದ್ಯುತ್ತಿನಿಂದ ನಡೆಯುತ್ತಿದ್ದುವು. ರೋಗಿಯು ತಂತಿಯ ಉದ್ದದಷ್ಟೇ ದೂರ ನಡೆಯಬಹುದಾಗಿತ್ತು.

೧೯೫೭ರ ಅಕ್ಟೋಬರ್ ೩೧ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಿದ್ಯುತ್ತು ಹೋಯಿತು. ವಿದ್ಯುತ್ತು ಹೋಗುವುದೆಂದರೇನೆಂದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅಲ್ಲಿಯ ಶಸ್ತ್ರವೈದ್ಯ ವಾಲ್ಟನ್ ಲಿಲಿಹೈ ಅವರ ಆರೈಕೆಯಲ್ಲಿದ್ದ ಮಗುವೊಂದು ಆ ವೇಳೆಯಲ್ಲಿ ತೀರಿಕೊಂಡಿತು. ಮರುದಿನವೇ ಲಿಲಿಹೈ ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಅರ್ಲ್ ಬಾಕನ್ ಎಂಬ ಇಂಜಿನಿಯರನನ್ನು ಕರೆದು, ಬ್ಯಾಟರಿಯಿಂದ ನಡೆಯುವ ಸಾಧನವು ಸಾಧ್ಯವೇ ಎಂದು ಕೇಳಿದರು. ಬಾಕನ್ ಯೋಚಿಸುತ್ತಿದ್ದಾಗ, ತಾನು ಹಿಂದೆ 'ಪಾಪ್ಯುಲರ್ ಇಲೆಕ್ಟ್ರಾನಿಕ್ಸ್' ಎಂಬ ಮಾಸಪತ್ರಿಕೆಯಲ್ಲಿ ಓದಿದ್ದ ಲೇಖನವೊಂದು ನೆನಪಿಗೆ ಬಂದಿತು. ಅದು ಸಂಗೀತಗಾರರಿಗೆ ತಾಳದ ಗತಿಯನ್ನು ತೋರಿಸುವ ಟ್ರಾನ್ಸಿಸ್ಟರ್ ಯಂತ್ರವೊಂದರ ನಕ್ಷೆ. ತಾಳ ಹಾಕುವ ಯಂತ್ರವು ಗುಂಡಿಗೆಗೇಕೆ ತಾಳ ಹಾಕಬಾರದು? ನಾಲ್ಕು ವಾರಗಳಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದು ಸಿದ್ಧವಾಯಿತು. ರೋಗಿಗಳು ಅದನ್ನು ಮೈಮೇಲೆ ಕಟ್ಟಿಕೊಂಡು ಓಡಾಡತೊಡಗಿದರು. ಸಾಮಾನ್ಯರಿಗಾಗಿ ಬರೆದ ವಿಜ್ಞಾನದ ಲೇಖನವೊಂದು ಎಲ್ಲಿಯೋ ಯಾರದೋ ಜೀವವನ್ನು ಉಳಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಮುಂದಿನ ವರ್ಷ, ೧೯೫೮ರ ಅಕ್ಟೋಬರ್ ೮ರಂದು, ಸ್ವೀಡನ್ ದೇಶದಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ರೂನೆ ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರನು ರಚಿಸಿದ ಸಾಧನವನ್ನು ಆರ್ನೆ ಲಾರ್ಸನ್ ಎಂಬವನ ದೇಹದೊಳಗೆ ಇರಿಸಿದನು. ಪೇಸ್‌ಮೇಕರು ಮನುಷ್ಯದೇಹದ ಒಳಗೆ ಪೂರ್ತಿಯಾಗಿ ಸೇರಿದುದು ಅದೇ ಮೊದಲು. ಲಾರ್ಸನ್‌ನ ಗುಂಡಿಗೆಯು ಪದೇ ಪದೇ ತಡೆದು ದಿನಕ್ಕೆ ಹಲವಾರು ಸಲ ಆತನು ಪ್ರಜ್ಞೆ ತಪ್ಪುತ್ತಿದ್ದನು. ಹೆಂಡತಿಯು ವೈದ್ಯನನ್ನೂ ಇಂಜಿನಿಯರನನ್ನೂ ಬಿಡದೆ ಬೇಡಿಕೊಂಡುದರಿಂದ ಆ ಸಾಹಸ ನಡೆಯಿತು. ಮೊದಲ ಸಾಧನವು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಮತ್ತೊಂದನ್ನು ಹಾಕಿದರು. ಹೀಗೆ ಬದಲಿಸುತ್ತ ಬದಲಿಸುತ್ತ ಒಟ್ಟು ೨೬ ಪೇಸ್‌ಮೇಕರುಗಳನ್ನು ಧರಿಸಿದ ಲಾರ್ಸನ್, ವೈದ್ಯನೂ ಇಂಜಿನಿಯರನೂ ತೀರಿಹೋದ ಬಳಿಕವೂ ಬದುಕಿದ್ದು, ೨೦೦೧ರಲ್ಲಿ ತನ್ನ ೮೬ನೆಯ ವಯಸ್ಸಿನಲ್ಲಿ ಬೇರೆ ಕಾಯಿಲೆಯಿಂದ ಮರಣಹೊಂದಿದನು.

ಇಂದಿನ ಪೇಸ್‌ಮೇಕರಿನ ತೂಕ ಸಾಮಾನ್ಯವಾಗಿ ೨೦ರಿಂದ ೩೦ ಗ್ರಾಂ. ಅದನ್ನು ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಇಟ್ಟು, ಸಿರೆಯ ಮೂಲಕ ತಂತಿಯನ್ನು ಗುಂಡಿಗೆಗೆ ಇಳಿಸುತ್ತಾರೆ. ಅದು ಕೊಡುವ ಸುಳಿವು ಕೆಲವೇ ವೋಲ್ಟುಗಳದು, ಅದೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ ಕಾಲ. ಅಷ್ಟು ಸಾಕು, ಉಳಿದ ಕೆಲಸವನ್ನು ಸ್ನಾಯುವೇ ಮಾಡಿಕೊಳ್ಳುತ್ತದೆ. ಅದರ ನಿಜವಾದ ಜಾಣತನವಿರುವುದು ಆಲಿಸುವುದರಲ್ಲಿ. ಗುಂಡಿಗೆಯು ತಾನಾಗಿ ಬಡಿದರೆ ಯಂತ್ರವು ಸುಮ್ಮನಿರುತ್ತದೆ. ತಕ್ಕ ಹೊತ್ತಿನೊಳಗೆ ಬಡಿಯದಿದ್ದರೆ ಮಾತ್ರ ಸುಳಿವು ಕೊಡುತ್ತದೆ. ಹೀಗೆ ಮಿತವ್ಯಯದಿಂದ ನಡೆಯುವುದರಿಂದ ಅದರ ಲಿಥಿಯಂ ಬ್ಯಾಟರಿಯು ಹತ್ತು ವರ್ಷದಷ್ಟು ಕಾಲ ಬಾಳಬಲ್ಲದು. ತಂತಿಯೇ ಇಲ್ಲದೆ ಗುಂಡಿಗೆಯ ಒಳಗೇ ಕುಳ್ಳಿರಿಸುವ, ಸುಮಾರು ಎರಡು ಗ್ರಾಂ ತೂಕದ ಸಾಧನಗಳೂ ಈಗ ಬಂದಿವೆ.

ದಿಕ್ಕುಗೆಟ್ಟ ಮಿಂಚು

ಎರಡನೆಯ ಕೇಡು ಇದಕ್ಕೆ ತದ್ವಿರುದ್ಧ. ಇಲ್ಲಿ ಮಿಂಚಿಗೆ ಕೊರತೆಯಿಲ್ಲ, ಅಂಕೆಯಿಲ್ಲ. ಮೇಳದವರೆಲ್ಲ ಒಬ್ಬೊಬ್ಬರೂ ಒಂದೊಂದು ಹಾಡನ್ನು ಕೂಗಿಕೊಂಡಂತೆ ಹೃತ್ಕುಕ್ಷಿಯ ಎಳೆಗಳು ಬೇರೆಬೇರೆಯಾಗಿ ಅದಿರುತ್ತವೆ. ರಕ್ತ ಮಾತ್ರ ಮುಂದೆ ಸಾಗುವುದಿಲ್ಲ. ಮನುಷ್ಯನು ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹೊಲದ ಪಂಪುಸೆಟ್ಟಿನ ವಿದ್ಯುತ್ತು ತಗಲಿ ಸಾಯುವವರಲ್ಲಿ ಅನೇಕರ ಸಾವಿಗೆ ಇದೇ ಕಾರಣ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಂತೆ ದಿಕ್ಕು ಬದಲಿಸುವಂಥದು. ಅದರ ಹತ್ತನೆಯ ಒಂದು ಆಂಪಿಯರಿನಷ್ಟು ಎದೆಯ ಮೂಲಕ ಹಾದರೂ ಗುಂಡಿಗೆಯ ಲಯವು ಛಿದ್ರವಾಗಬಹುದು. ವೈದ್ಯಸಾಧನದ ವಿದ್ಯುತ್ತು ಅಳೆದು ಕೊಟ್ಟ ಮದ್ದು. ಗೋಡೆಯ ವಿದ್ಯುತ್ತು ಅಳತೆಯಿಲ್ಲದ ವಿಷ. ಇದನ್ನು ಯಾರೂ ಮರೆಯಬಾರದು.

ವಿಚಿತ್ರವೆಂದರೆ, ದಿಕ್ಕುಗೆಟ್ಟ ಗುಂಡಿಗೆಯನ್ನು ದಾರಿಗೆ ತರುವುದೂ ವಿದ್ಯುತ್ತೇ. ೧೮೯೯ರಲ್ಲಿ ಜಿನೀವಾ ನಗರದ ಪ್ರೆವೋ ಮತ್ತು ಬತೆಲ್ಲಿ ಎಂಬವರು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಅಲ್ಪ ವಿದ್ಯುತ್ತಿನಿಂದ ಕೆಟ್ಟ ಲಯವನ್ನು ಬಲವಾದ ಪೆಟ್ಟಿನಿಂದ ನಿಲ್ಲಿಸಬಹುದೆಂದು ಕಂಡುಕೊಂಡರು. ಬಲವಾದ ಪೆಟ್ಟು ಎಲ್ಲ ಎಳೆಗಳನ್ನೂ ಒಮ್ಮೆಗೇ ಸುಮ್ಮನಾಗಿಸುತ್ತದೆ. ಆ ಮೌನದಲ್ಲಿ ಲಯಗಂಟು ಮತ್ತೆ ಹಾಡನ್ನು ಎತ್ತಿಕೊಳ್ಳುತ್ತದೆ. ೧೯೪೭ರಲ್ಲಿ ಕ್ಲಾಡ್ ಬೆಕ್ ಎಂಬ ಅಮೆರಿಕದ ಶಸ್ತ್ರವೈದ್ಯನು ಹೀಗೆ ಬಾಲಕನೊಬ್ಬನ ಜೀವವನ್ನು ಉಳಿಸಿದನು. ಈಗ ಈ ಯಂತ್ರವು ಲಯವನ್ನು ತಾನೇ ಓದಿ, ಪೆಟ್ಟು ಬೇಕೋ ಬೇಡವೋ ಎಂದು ತಾನೇ ನಿರ್ಣಯಿಸಿ, ಏನು ಮಾಡಬೇಕೆಂದು ಬಾಯಿಮಾತಿನಲ್ಲಿ ಹೇಳುವಷ್ಟು ಮುಂದುವರಿದಿದೆ. ಆದರೆ ಕಾಲ ಬಹಳ ಕಡಮೆ. ಒಂದೊಂದು ನಿಮಿಷ ಕಳೆದಂತೆಯೂ ಬದುಕುವ ಆಸೆ ಇಳಿಯುತ್ತ ಹೋಗುತ್ತದೆ.

ಉಳಿದ ಒಳಸ್ನಾಯುಗಳು

ಗುಂಡಿಗೆಯಲ್ಲದೆ ದೇಹದಲ್ಲಿ ಇನ್ನೂ ಅನೇಕ ಒಳಸ್ನಾಯುಗಳಿವೆ. ಉಸಿರಾಟದ ವಪೆಯು ಮಿದುಳಿನ ಅಪ್ಪಣೆ ತನ್ನ ನರಕ್ಕೆ ತಲುಪದಾದಾಗ ಸುಮ್ಮನಾಗುತ್ತದೆ. ೧೯೬೦ರ ದಶಕದಲ್ಲಿ ಅಮೆರಿಕದ ವಿಲಿಯಂ ಗ್ಲೆನ್ ಆ ನರಕ್ಕೆ ವಿದ್ಯುತ್ತಿನ ಸುಳಿವು ಕೊಟ್ಟು ಉಸಿರಾಡಿಸುವ ವಿಧಾನವನ್ನು ರೂಪಿಸಿದನು. ಕಿಬ್ಬೊಟ್ಟೆಯ ತಳದಲ್ಲಿ ಜೋಳಿಗೆಯಂತೆ ಹಾಸಿರುವ ಸ್ನಾಯುಗಳು ಹೆರಿಗೆಯ ತರುವಾಯ ಸಡಿಲವಾಗಿ, ಕೆಮ್ಮಿದರೂ ಸೀನಿದರೂ ಮೂತ್ರವು ಜಿನುಗುವ ತೊಂದರೆ ಅನೇಕ ತಾಯಂದಿರಿಗೆ ಉಂಟು. ೧೯೪೮ರಲ್ಲಿ ಅರ್ನಾಲ್ಡ್ ಕೀಗೆಲ್ ಎಂಬ ವೈದ್ಯನು ಈ ಸ್ನಾಯುಗಳ ಬಿಗಿತವನ್ನು ಅಳೆಯುವ ಸಾಧನವನ್ನೂ ಅವುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಪ್ರಕಟಿಸಿದನು. ಈಗಿನ ಸಾಧನಗಳು ಆ ಸ್ನಾಯುವಿನ ವಿದ್ಯುತ್ತನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತವೆ. ತಾನಾಗಿ ಬಿಗಿಯಲಾರದವರಿಗೆ ಮೃದುವಾದ ವಿದ್ಯುತ್ತಿನಿಂದ ಕಲಿಸಿಕೊಡುತ್ತವೆ. ಈ ತೊಂದರೆಯನ್ನು ನಾಚಿಕೆಯಿಂದ ಜೀವಮಾನವೆಲ್ಲ ಮುಚ್ಚಿಟ್ಟುಕೊಳ್ಳುವವರೇ ಹೆಚ್ಚು. ಇದು ಸ್ನಾಯುವಿನ ದೌರ್ಬಲ್ಯವೇ ಹೊರತು ಯಾರ ತಪ್ಪೂ ಅಲ್ಲ, ಚಿಕಿತ್ಸೆಯೂ ಉಂಟು.

ಆದರೆ ಎಲ್ಲ ಒಳಸ್ನಾಯುಗಳನ್ನೂ ವಿದ್ಯುತ್ತಿನಿಂದಲೇ ಎಚ್ಚರಿಸಬೇಕೆಂದಿಲ್ಲ. ಗರ್ಭಕೋಶವನ್ನು ನೋಡಿರಿ. ಅದಕ್ಕೆ ಗುಂಡಿಗೆಯಂತೆ ನೆಲೆಯಾದ ಲಯಗಂಟಿಲ್ಲ. ಅದು ರಾಸಾಯನಿಕ ಸಂದೇಶಗಳಿಗೆ ಹೆಚ್ಚಾಗಿ ಕಿವಿಗೊಡುತ್ತದೆ. ಮಗು ಹುಟ್ಟಿದ ಮೇಲೆ ಗರ್ಭಕೋಶವು ಬಿಗಿಯಾಗಿ ಮುದುಡಿಕೊಳ್ಳದಿದ್ದರೆ ರಕ್ತನಾಳಗಳು ತೆರೆದೇ ಉಳಿದು ತಾಯಿಯು ರಕ್ತಸ್ರಾವದಿಂದ ಸಾಯಬಹುದು. ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿದ ಒಂದು ಪ್ರಯೋಗವು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಕೂಡಿ, ೨೦೦೨ರಿಂದ ೨೦೦೫ರ ವರೆಗೆ, ೧,೬೨೦ ಬಾಣಂತಿಯರಲ್ಲಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಿಸಿದರು. ಕೊಟ್ಟವರು ದೊಡ್ಡ ಡಾಕ್ಟರರಲ್ಲ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿಗಳು.

ಕಳೆದ ರಕ್ತವನ್ನು ಅಳೆಯಲು ಅವರು ಬಳಸಿದ ಉಪಕರಣವು ಇನ್ನೂ ಸರಳ. ಅದು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ಕಣ್ಣಳತೆಯಿಂದ ಹೇಳುವ ಅಂದಾಜು ನಿಜವಾದ ಪ್ರಮಾಣಕ್ಕಿಂತ ಬಹಳ ಕಡಮೆಯಾಗಿರುತ್ತದೆಂದು ಈ ಹಾಳೆ ತೋರಿಸಿಕೊಟ್ಟಿತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ ೧೨ ಮಂದಿಗೆ ಅತಿಸ್ರಾವವಾದರೆ, ಔಷಧ ಪಡೆದವರಲ್ಲಿ ನೂರಕ್ಕೆ ೬.೪ ಮಂದಿಗೆ ಮಾತ್ರ ಆಯಿತು. ಈ ಫಲಿತಾಂಶವು ೨೦೦೬ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಔಷಧವನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಒಳಸ್ನಾಯುವನ್ನು ಕಾಯುವ ಸಾಧನವು ಎಷ್ಟು ದೊಡ್ಡದೆಂಬುದಕ್ಕಿಂತ ಅದು ಎಷ್ಟು ಹತ್ತಿರದಲ್ಲಿದೆ ಎಂಬುದೇ ಮುಖ್ಯವೆಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು. ಈ ಪಾಠವು ಗುಂಡಿಗೆಗೂ ಸಲ್ಲುತ್ತದೆ.

ದೂರವೆಂಬ ಕೇಡು

ಗುಂಡಿಗೆಯ ಮೂರನೆಯ ಕೇಡಿನಲ್ಲಿ, ಎಂದರೆ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ, ಸ್ನಾಯುವು ನಿಮಿಷದಿಂದ ನಿಮಿಷಕ್ಕೆ ಸಾಯುತ್ತ ಹೋಗುತ್ತದೆ. ಸತ್ತ ಸ್ನಾಯುವನ್ನು ಯಾವ ವಿದ್ಯುತ್ತೂ ಎಬ್ಬಿಸಲಾರದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನೋವು ಆರಂಭವಾದ ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಲಾಭವು ಅತ್ಯಧಿಕ. ಹನ್ನೆರಡು ಗಂಟೆಗಳು ಕಳೆದರೆ ಬಹಳ ಕಡಮೆ. ದೊಡ್ಡ ಆಸ್ಪತ್ರೆಯಲ್ಲಾದರೆ ಧಮನಿಯೊಳಗೆ ಸಣ್ಣ ನಳಿಕೆಯನ್ನು ತೂರಿಸಿ ದಾರಿಯನ್ನೇ ತೆರೆಯುತ್ತಾರೆ.

ಈಗ ನಮ್ಮ ಸೀಮೆಯ ನಕ್ಷೆಯನ್ನು ಬಿಡಿಸಿ ನೋಡೋಣ. ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಬದಿಗಿದೆ. ಬೆಳಗಾವಿಗೂ ಧಾರವಾಡಕ್ಕೂ ಒಂದು ಗಂಟೆಯ ಒಳಗಿನ ದಾರಿ. ಬೈಲಹೊಂಗಲದಿಂದ ಬೆಳಗಾವಿ ಸುಮಾರು ೪೫ ಕಿಲೋಮೀಟರು. ಸವದತ್ತಿಯಿಂದ ಧಾರವಾಡ ಸುಮಾರು ೪೦. ಮಲಪ್ರಭೆಯ ದಂಡೆಯ ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು. ಇವು ಊರಿನಿಂದ ಊರಿಗೆ ಇರುವ ದೂರಗಳು. ಹೊಲದ ಮನೆಯಿಂದ ಊರಿಗೆ ಬರುವ ಹೊತ್ತು, ಗಾಡಿ ಹುಡುಕುವ ಹೊತ್ತು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಕಾಯುವ ಹೊತ್ತು, ಎಲ್ಲಕ್ಕಿಂತ ಮಿಗಿಲಾಗಿ "ವಾಯು ಇರಬೇಕು, ಬೆಳಗಿನ ತನಕ ನೋಡೂಣು" ಎಂದು ಕಳೆಯುವ ಹೊತ್ತು, ಇವು ಯಾವ ನಕ್ಷೆಯಲ್ಲಿಯೂ ಇಲ್ಲ.

ಐಂಥೋವನ್ನನ ಉಪಾಯವು ನಮಗೆ ಇಲ್ಲಿ ಒದಗುತ್ತದೆ. ರೋಗಿಯು ನೂರು ಕಿಲೋಮೀಟರು ಸಾಗುವ ಮೊದಲು ಅವನ ಎದೆಯ ಮಿಂಚು ಸಾಗಲಿ! ೨೦೧೮ರಲ್ಲಿ ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ತೆಗೆದ ಪಟ್ಟಿಯನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಕೂಡಲೇ ಸಲಹೆ ಕೊಡುವ ಏರ್ಪಾಟನ್ನು ಆರಂಭಿಸಿದರು. ೨೦೨೧ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಮರುಗಿತು. ೨೦೨೩ರಲ್ಲಿ ರಾಜ್ಯ ಸರಕಾರವು ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ಪ್ರಕಟಿಸಿತು. ಅದರ ಕ್ರಮ ಹೀಗೆ: ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಬೆಂಗಳೂರಿನ ಜಯದೇವ ಸಂಸ್ಥೆಯಂಥ ದೊಡ್ಡ ಕೇಂದ್ರಗಳ ತಜ್ಞರಿಗೆ ಕಳುಹಿಸುತ್ತಾರೆ. ಅವರು ಹೌದೆಂದರೆ ಟೆನೆಕ್ಟಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಜನಸಂದಣಿಯ ಸ್ಥಳಗಳಲ್ಲಿ ಲಯ ತಿದ್ದುವ ಯಂತ್ರಗಳನ್ನು ಇರಿಸುವುದೂ ಈ ಯೋಜನೆಯ ಉದ್ದೇಶ. ಲಕ್ಷಗಟ್ಟಲೆ ಯಾತ್ರಿಕರು ಸೇರುವ ಜಾತ್ರೆಗಳಿಗೆ ಇಂಥ ಯಂತ್ರದ ಅವಶ್ಯಕತೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದು

ಯಂತ್ರವು ಬರುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಎದೆಯ ನಡುವೆ ಒತ್ತಿ ಹಿಡಿದಂತೆ ನೋವು, ಅದು ಎಡಗೈಗೋ ಕೊರಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ, ಇವು ಕಂಡಾಗ ಸೋಡಾ ತರಲು ಓಡದೆ ೧೦೮ಕ್ಕೆ ಕರೆಮಾಡಿ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹಿಗಳಲ್ಲಿಯೂ ಹೆಂಗಸರಲ್ಲಿಯೂ ನೋವು ಅಷ್ಟಾಗಿ ಕಾಣದೆ ಬರಿಯ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಇರಬಹುದು.

ಮನುಷ್ಯನು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಗುಂಡಿಗೆಯ ಕೆಲಸವನ್ನು ನಮ್ಮ ಕೈಗಳೇ ಮಾಡಬೇಕು. ವಿದ್ಯುತ್ತು ತಗಲಿ ಬಿದ್ದವನಾದರೆ, ಮೊದಲು ಮೇನ್ ಸ್ವಿಚ್ಚನ್ನು ಆರಿಸಿದ ಮೇಲೆಯೇ ಮುಟ್ಟಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯೆಲುಬಿನ ಕೆಳಭಾಗದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನು ಜೋಡಿಸಿ, ಮೊಣಕೈ ಬಾಗದಂತೆ ಐದರಿಂದ ಆರು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತಬೇಕು. ಪ್ರತಿಯೊಂದು ಒತ್ತಿನ ಬಳಿಕ ಎದೆಯು ಪೂರ್ತಿಯಾಗಿ ಮೇಲೇಳಲು ಬಿಡಬೇಕು. ನೆರವು ಬರುವ ತನಕ ನಿಲ್ಲಿಸಬಾರದು. ದಣಿದರೆ ಮತ್ತೊಬ್ಬರು ಮುಂದುವರಿಸಬೇಕು. ೧೯೬೦ರಲ್ಲಿ ಅಮೆರಿಕದ ಮೂವರು ಸಂಶೋಧಕರು ಪ್ರಕಟಿಸಿದ ಈ ವಿಧಾನಕ್ಕೆ ಎರಡು ಕೈಗಳ ಹೊರತು ಬೇರೆ ಸಾಧನ ಬೇಕಿಲ್ಲ. ಪ್ರತಿಯೊಂದು ಪ್ರೌಢಶಾಲೆಯೂ ವರ್ಷಕ್ಕೊಂದು ದಿನ ತಿಳಿದ ವೈದ್ಯರನ್ನು ಕರೆಸಿ ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟವಲ್ಲ.

ಗಾಲ್ವಾನಿಯ ಕಪ್ಪೆಯ ಕಾಲಿನಿಂದ ಎರಡು ಗ್ರಾಂ ತೂಕದ ಪೇಸ್‌ಮೇಕರಿನ ವರೆಗೆ ವಿಜ್ಞಾನವು ಬಹುದೂರ ನಡೆದುಬಂದಿದೆ. ಆದರೆ ಈ ಸಾಧನಗಳಲ್ಲಿ ಒಂದೂ ಸ್ನಾಯುವಿಗೆ ಹೊಸ ಜೀವವನ್ನು ಕೊಡಲಾರದು. ಇರುವ ಮಿಂಚನ್ನು ಅವು ಆಲಿಸುತ್ತವೆ, ಮರೆತಾಗ ನೆನಪಿಸುತ್ತವೆ, ದಾರಿ ತಪ್ಪಿದಾಗ ತಡೆದು ನಿಲ್ಲಿಸುತ್ತವೆ. ಅದೂ ಹೊತ್ತಿಗೆ ಸರಿಯಾಗಿ ದೊರೆತರೆ ಮಾತ್ರ. ಯಂತ್ರವನ್ನು ಹಳ್ಳಿಯ ಹತ್ತಿರಕ್ಕೆ ತರುವುದು ಸರಕಾರದ ಮತ್ತು ವೈದ್ಯರ ಕೆಲಸ. ರೋಗಿಯನ್ನು ತಡಮಾಡದೆ ಯಂತ್ರದ ಹತ್ತಿರಕ್ಕೆ ಒಯ್ಯುವುದು ನಮ್ಮ ನಿಮ್ಮ ಕೆಲಸ. ಗುಡ್ಡದ ದಾರಿಯಲ್ಲಿ ಕುಳಿತ ಅಜ್ಜನ ಬಳಿ ಮುಂದಿನ ಸಲ ನಿಲ್ಲುವ ಮೊಮ್ಮಗನು ಇಷ್ಟನ್ನು ತಿಳಿದಿದ್ದರೆ, ಈ ಲೇಖನವನ್ನು ಬರೆದುದು ಸಾರ್ಥಕವೆಂದು ನಾವು ಭಾವಿಸುತ್ತೇವೆ.